ಪುನರ್ವಸು ಮಳೆಗೆ ಹಾಕಿದ ಸೋಲಾರ್ ಲೆಕ್ಕ

ನಮ್ಮ ತೋಟದ ಮನೆಗೆ ಕೆಇಬಿ ಲೈನ್ ಬಂದಿಲ್ಲ. ಮುಖ್ಯ ರಸ್ತೆಯಿಂದ ಕಾಡಿನೊಳಗೆ ಅಷ್ಟು ದೂರ ಕಂಬ ನೆಡಿಸುವುದು ಆಗದ ಮಾತು ಎಂದು ಸೋಲಾರ್ ಹಾಕಿಸಿದೆವು. ಹಾಕಿಸಿದ್ದು ಮಾರ್ಚ್‌ನಲ್ಲಿ. ಮಧ್ಯಾಹ್ನ ಹನ್ನೆರಡಕ್ಕೇ ಬ್ಯಾಟರಿ ತುಂಬುತ್ತಿತ್ತು. ಟಿವಿ, ಫ್ಯಾನು, ಮಿಕ್ಸಿ ಎಲ್ಲಾ ಓಡಿತು. ಜುಲೈನಲ್ಲಿ ಮಳೆ ಹಿಡಿದು ಒಂಬತ್ತು ದಿನ ಬಿಡಲಿಲ್ಲ. ಮೂರನೇ ಸಂಜೆ ಇನ್ವರ್ಟರ್ ಒಂದೇ ಸಮನೆ ಕೂಗಿ ನಿಂತುಹೋಯಿತು. ಅಮ್ಮ ಅಟ್ಟದಿಂದ ಚಿಮಣಿ ದೀಪ ಇಳಿಸಿ ಒರೆಸಿ ಹಚ್ಚಿದರು.

ಪ್ಯಾನೆಲ್ ಕೆಟ್ಟಿರಲಿಲ್ಲ, ಬ್ಯಾಟರಿಯೂ ಹೊಸದು. ತಪ್ಪಿದ್ದು ಲೆಕ್ಕ. ಮಾರ್ಚ್‌ನ ಬಿಸಿಲು ನೋಡಿ ಪ್ಯಾನೆಲ್ ಆರಿಸಿದ್ದೆವು. ಗ್ರಿಡ್ ಇಲ್ಲದ ಮನೆಯಲ್ಲಿ ಹಾಗೆ ಮಾಡಬಾರದು. ವರ್ಷದ ಸರಾಸರಿ ಬಿಸಿಲಿಗೂ ಲೆಕ್ಕ ಹಾಕಬಾರದು. ಪುನರ್ವಸು ಮಳೆ ಜಡಿಯುವ ವಾರಕ್ಕೇ ಹಾಕಬೇಕು. ಪ್ಯಾನೆಲ್, ಬ್ಯಾಟರಿ, ಇವೆರಡರ ನಡುವೆ ಕೂತು ಚಾರ್ಜ್ ನಿಭಾಯಿಸುವ ಚಾರ್ಜ್ ಕಂಟ್ರೋಲರ್, ಮೂರೂ ಅಲ್ಲಿಂದಲೇ ತೀರ್ಮಾನವಾಗುತ್ತವೆ.

ಮೊದಲು ಖರ್ಚು. ಆ ವಾರ ಮನೆಯಲ್ಲಿ ಏನೇನು ಓಡುತ್ತದೆ? ಮಲೆನಾಡಿನ ಮಳೆಗಾಲದಲ್ಲಿ ಫ್ಯಾನ್ ಬೇಕಾಗುವುದಿಲ್ಲ, ಅದು ಒಳ್ಳೆಯ ಸುದ್ದಿ. ಆದರೆ ಹಗಲಲ್ಲೇ ಕತ್ತಲು, ಹಾಗಾಗಿ ದೀಪ ಜಾಸ್ತಿ ಹೊತ್ತು ಉರಿಯುತ್ತದೆ. 9 ವ್ಯಾಟಿನ ಆರು ಎಲ್‌ಇಡಿ ಬಲ್ಬು ಆರು ಗಂಟೆ ಉರಿದರೆ 324 ವ್ಯಾಟ್-ಅವರ್. ಟಿವಿ 50 ವ್ಯಾಟ್, ನಾಲ್ಕು ಗಂಟೆಗೆ 200. ಲ್ಯಾಪ್‌ಟಾಪಿಗೂ ಅಷ್ಟೇ. ಮೊಬೈಲುಗಳಿಗೆ 50. ಮಿಕ್ಸಿ 600 ವ್ಯಾಟ್ ಎಂದು ಹೆದರುವವರಿದ್ದಾರೆ. ಅದು ಓಡುವುದು ದಿನಕ್ಕೆ ಹತ್ತು ನಿಮಿಷ, ಅಂದರೆ ಬರೀ 100. ನಿಜವಾಗಿ ತಿನ್ನುವುದು ಸದ್ದಿಲ್ಲದೆ ಇಡೀ ದಿನ ಓಡುವ ಸಾಮಾನು. ವೈಫೈ ಪೆಟ್ಟಿಗೆ 10 ವ್ಯಾಟ್ ಅಷ್ಟೇ, ಆದರೆ 24 ಗಂಟೆಗೆ 240 ಆಗುತ್ತದೆ. ಇನ್ವರ್ಟರ್ ಇನ್ನೂ ಹೆಚ್ಚು. ಯಾವ ಸ್ವಿಚ್ಚೂ ಹಾಕದಿದ್ದರೂ ತನ್ನ ಪಾಡಿಗೆ ತಾನು 15 ವ್ಯಾಟ್ ನುಂಗಿದರೆ ದಿನಕ್ಕೆ 360. ಮನೆಯ ಅಷ್ಟೂ ದೀಪಕ್ಕಿಂತ ಜಾಸ್ತಿ! ಈ ಸಾಲು ನಮ್ಮ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಎಲ್ಲಾ ಕೂಡಿಸಿದರೆ ಸುಮಾರು 1500 ವ್ಯಾಟ್-ಅವರ್. ಬಿಲ್ಲಿನ ಭಾಷೆಯಲ್ಲಿ ಒಂದೂವರೆ ಯೂನಿಟ್.

ಇನ್ನು ಆದಾಯ. 550 ವ್ಯಾಟ್ ಎಂದು ಪ್ಯಾನೆಲ್ ಹಿಂದೆ ಅಂಟಿಸಿರುತ್ತಾರಲ್ಲ, ಅದು ಲ್ಯಾಬಿನಲ್ಲಿ ಅಳೆದದ್ದು. ಒಂದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬೀಳುತ್ತಿರಬೇಕು, ಪ್ಯಾನೆಲ್ ಒಳಗಿನ ಸೆಲ್ಲಿನ ಬಿಸಿ 25 ಡಿಗ್ರಿ ಇರಬೇಕು. ಆಗ ಮಾತ್ರ ಆ ಸಂಖ್ಯೆ. ಬೇಸಿಗೆಯ ನಡು ಮಧ್ಯಾಹ್ನ ಹೆಚ್ಚುಕಡಿಮೆ ಅಷ್ಟು ಬೆಳಕು ಇರುತ್ತದೆ. ಬೆಳಿಗ್ಗೆ, ಸಂಜೆ, ಮೋಡದಲ್ಲಿ ಕಡಿಮೆ. ಇಡೀ ದಿನದ ಬೆಳಕನ್ನೆಲ್ಲ ಒಟ್ಟುಮಾಡಿ, ಅದು ಎಷ್ಟು ಗಂಟೆಯ ಪೂರ್ತಿ ಬಿಸಿಲಿಗೆ ಸಮ ಎಂದು ಹೇಳುವುದು ವಾಡಿಕೆ. ಮಾರ್ಚ್‌ನಲ್ಲಿ ನಮ್ಮ ಕಡೆ ಐದೂವರೆ, ಆರು ಗಂಟೆ ಸಿಗುತ್ತದೆ. ಜುಲೈನಲ್ಲಿ ಮೂರರ ಆಸುಪಾಸಿಗೆ ಇಳಿಯುತ್ತದೆ. ಮೋಡ ಬಿಡದ ವಾರದಲ್ಲಿ ಎರಡು ಸಿಕ್ಕರೆ ಹೆಚ್ಚು.

ಬಂದದ್ದೆಲ್ಲ ಕೈಗೆ ಸಿಗುವುದೂ ಇಲ್ಲ. ವೈರಿನಲ್ಲಿ ಸ್ವಲ್ಪ, ಪ್ಯಾನೆಲ್ ಮೇಲಿನ ಪಾಚಿ, ಕಸದಿಂದ ಸ್ವಲ್ಪ, ಬ್ಯಾಟರಿಗೆ ತುಂಬಿ ತೆಗೆಯುವಾಗ ಇನ್ನಷ್ಟು, ಇನ್ವರ್ಟರಿನಲ್ಲಿ ಮತ್ತಷ್ಟು ಹೋಗುತ್ತದೆ. ನೂರಕ್ಕೆ 65 ಉಳಿಯುತ್ತದೆ ಎಂದು ನಾನು ಹಿಡಿಯುತ್ತೇನೆ. ಹಾಗಾದರೆ 1500 ಬೇಕೆಂದರೆ ಪ್ಯಾನೆಲ್ 2300 ಕೊಡಬೇಕು. ಅದನ್ನು ಬಿಸಿಲಿನ ಗಂಟೆಗಳಿಂದ ಭಾಗಿಸಿ. ಐದೂವರೆ ಗಂಟೆ ಇದ್ದರೆ 420 ವ್ಯಾಟ್ ಪ್ಯಾನೆಲ್ ಸಾಕು. ಮೂರಾದರೆ 770 ಬೇಕು. ಎರಡಾದರೆ 1150. ಒಂದೇ ಮನೆ, ಒಂದೇ ಖರ್ಚು, ಆದರೂ ಪ್ಯಾನೆಲ್ ಹೆಚ್ಚುಕಡಿಮೆ ಮೂರು ಪಟ್ಟು. ನಮ್ಮ ಮೊದಲ ವರ್ಷದ ಕತ್ತಲೆಗೆ ಕಾರಣ ಇಷ್ಟೇ.

ಆಗ ಊರಲ್ಲಿ ಎಲ್ಲರೂ ಕೊಟ್ಟ ಸಲಹೆ ಒಂದೇ: ಇನ್ನೊಂದು ಬ್ಯಾಟರಿ ಸೇರಿಸಿ. ಅದು ತಪ್ಪು ಸಲಹೆ ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ. ಕಣಜ ದೊಡ್ಡದು ಮಾಡಿದರೆ ಭತ್ತ ಜಾಸ್ತಿ ಬೆಳೆಯುತ್ತದಾ? ಸಾಲದ್ದಕ್ಕೆ, ಸೀಸದ ಬ್ಯಾಟರಿಗೆ ಅರೆಹೊಟ್ಟೆ ಆಗುವುದೇ ಇಲ್ಲ. ಪೂರ್ತಿ ಚಾರ್ಜ್ ಆಗದೆ ವಾರಗಟ್ಟಲೆ ಉಳಿದರೆ ಒಳಗಿನ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟೇ ಬಿಸಿಲು ಬಂದರೂ ಅದು ಪೂರ್ತಿ ಕರಗುವುದಿಲ್ಲ, ಅಷ್ಟು ಜಾಗ ಹೋದ ಹಾಗೇ. ಚಿಕ್ಕ ಪ್ಯಾನೆಲಿಗೆ ದೊಡ್ಡ ಬ್ಯಾಟರಿ ಕಟ್ಟಿದರೆ ಎರಡು ಮಳೆಗಾಲದಲ್ಲಿ ಬ್ಯಾಟರಿಯೇ ಮುಗಿಯಬಹುದು. ದುಡ್ಡು ಇದ್ದರೆ ಮೊದಲು ಪ್ಯಾನೆಲ್ ಸೇರಿಸಿ.

ಬ್ಯಾಟರಿಗೆ ಎರಡು ದಿನದ ದಾಸ್ತಾನು ಸಾಕು, ಅಂದರೆ 3000 ವ್ಯಾಟ್-ಅವರ್. ಟ್ಯೂಬುಲರ್ ಎಂಬ ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡದಿದ್ದರೆ ಅದು ಬಾಳುತ್ತದೆ. ಹಾಗಾಗಿ 6000 ಬೇಕು. 12 ವೋಲ್ಟ್, 150 ಆಂಪ್-ಅವರಿನ ನಾಲ್ಕು ಬ್ಯಾಟರಿ ಎಂದರೆ 7200, ಸರಿಹೋಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ 80ರಷ್ಟು ಬಳಸಬಹುದು, 3800ರದ್ದು ಸಾಕು. ಅದಕ್ಕೆ ಅರ್ಧ ಹೊಟ್ಟೆಯಲ್ಲಿ ಉಳಿದರೂ ತೊಂದರೆ ಇಲ್ಲ. ಮಳೆನಾಡಿಗೆ ಹೇಳಿ ಮಾಡಿಸಿದ ಗುಣ ಅದು. ಬೆಲೆ ಹೆಚ್ಚು, ನಿಜ.

ಈಗ ಕಂಟ್ರೋಲರ್. ಜನ ಕೊನೆಗೆ ಕೊಳ್ಳುವ ಪೆಟ್ಟಿಗೆ ಇದು. ಅಂಗಡಿಯವರು ಯಾವುದು ಕೊಟ್ಟರೆ ಅದು. ಆದರೆ ಸುಮ್ನೆ ಬಿಟ್ಟುಬಿಡುವ ಸಾಮಾನಲ್ಲ.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಎಷ್ಟು ಎತ್ತರದಿಂದ ಬರುತ್ತದೆ ಎಂಬುದು ವೋಲ್ಟ್. ಎಷ್ಟು ನೀರು ಬರುತ್ತದೆ ಎಂಬುದು ಆಂಪ್. ಎರಡನ್ನೂ ಗುಣಿಸಿದರೆ ಅದರ ಕಸುವು, ಅಂದರೆ ವ್ಯಾಟ್. ಇವತ್ತಿನ 550 ವ್ಯಾಟಿನ ಪ್ಯಾನೆಲ್ ತನ್ನ ಪೂರ್ತಿ ಕಸುವು ತೋರಿಸುವುದು ಸುಮಾರು 42 ವೋಲ್ಟಿನಲ್ಲಿ, 13 ಆಂಪಿನಲ್ಲಿ. 12 ವೋಲ್ಟ್ ಎಂದು ಕರೆಯುವ ಬ್ಯಾಟರಿ ನಿಜವಾಗಿ ಇರುವುದು ಮಾತ್ರ ಸುಮಾರು 13 ವೋಲ್ಟಿನಲ್ಲಿ, 24ರದ್ದು 26ರಲ್ಲಿ. ಈ ಎತ್ತರದ ವ್ಯತ್ಯಾಸವನ್ನು ಏನು ಮಾಡಬೇಕು?

ಕಂಟ್ರೋಲರಿನಲ್ಲಿ ಎರಡು ಬಗೆ, ಪಿಡಬ್ಲ್ಯೂಎಂ ಮತ್ತು ಎಂಪಿಪಿಟಿ. ಪಿಡಬ್ಲ್ಯೂಎಂ ಕಂಟ್ರೋಲರ್ ಏನೂ ಮಾಡುವುದಿಲ್ಲ. ಅದೊಂದು ಚುರುಕಾದ ಸ್ವಿಚ್. ಪ್ಯಾನೆಲನ್ನು ನೇರ ಬ್ಯಾಟರಿಗೆ ಜೋಡಿಸುತ್ತದೆ, ಬ್ಯಾಟರಿ ತುಂಬುತ್ತಾ ಬಂದ ಹಾಗೆ ಬಿಟ್ಟು ಬಿಟ್ಟು ಕೊಡುತ್ತದೆ. ಜೋಡಿಸಿದ ಕೂಡಲೇ ಪ್ಯಾನೆಲಿನ ವೋಲ್ಟ್ ಬ್ಯಾಟರಿಯ ಮಟ್ಟಕ್ಕೆ ಇಳಿಯುತ್ತದೆ. ಆಂಪ್ ಮಾತ್ರ ಅಷ್ಟೇ ಇರುತ್ತದೆ. ಹೀಗಾಗಿ ಎರಡು 550ರ ಪ್ಯಾನೆಲನ್ನು ಪಕ್ಕಪಕ್ಕಕ್ಕೆ, ಅಂದರೆ ಆಂಪ್ ಕೂಡುವ ಹಾಗೆ ಜೋಡಿಸಿ 12 ವೋಲ್ಟ್ ಬ್ಯಾಟರಿಗೆ ಕೊಟ್ಟರೆ ಸಿಗುವುದು 26 ಆಂಪ್, 13 ವೋಲ್ಟ್. ಅಂದರೆ 340 ವ್ಯಾಟ್. 1100 ವ್ಯಾಟಿನ ದುಡ್ಡು ಕೊಟ್ಟು ಮೂರನೇ ಒಂದು ಭಾಗ! 24 ವೋಲ್ಟಿಗೆ ಕೊಟ್ಟರೂ 690 ದಾಟುವುದಿಲ್ಲ.

ಎಂಪಿಪಿಟಿ ಕಂಟ್ರೋಲರ್ ಸೈಕಲ್ಲಿನ ಗೇರ್ ಇದ್ದ ಹಾಗೆ. ಪ್ಯಾನೆಲನ್ನು ಅದಕ್ಕೆ ಇಷ್ಟವಾದ 42 ವೋಲ್ಟಿನಲ್ಲೇ ಬಿಡುತ್ತದೆ. ವೋಲ್ಟ್ ಇಳಿಸುವಾಗ ಅದಕ್ಕೆ ತಕ್ಕಂತೆ ಆಂಪ್ ಏರಿಸುತ್ತದೆ. ಒಳಗೆ ಒಂದು ಸುರುಳಿ, ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಸ್ವಿಚ್ಚು ಈ ಕೆಲಸ ಮಾಡುತ್ತವೆ. ಮೋಡ ಬಂದಾಗ, ಹೋದಾಗ ಆ ಇಷ್ಟದ ವೋಲ್ಟ್ ಬದಲಾಗುತ್ತದೆ. ಕಂಟ್ರೋಲರ್ ಅದನ್ನು ಹುಡುಕುತ್ತಲೇ ಇರುತ್ತದೆ. ಒಂದಿಷ್ಟು ವೋಲ್ಟ್ ಏರಿಸಿ ನೋಡುತ್ತದೆ, ವ್ಯಾಟ್ ಕಡಿಮೆಯಾದರೆ ಇಳಿಸುತ್ತದೆ. ನೂರಕ್ಕೆ 95ರಷ್ಟು ಬ್ಯಾಟರಿಗೆ ಮುಟ್ಟುತ್ತದೆ.

ಹಾಗಂತ ಎಲ್ಲರಿಗೂ ಎಂಪಿಪಿಟಿ ಬೇಕಿಲ್ಲ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಶುರುಮಾಡಿದ ಸೆಲ್ಕೋ ಕಂಪನಿ ಕರ್ನಾಟಕದ ಹಳ್ಳಿ ಮನೆಗಳಿಗೆ ಎರಡು, ನಾಲ್ಕು ದೀಪದ ಸೋಲಾರ್ ತಲುಪಿಸಿತು. ಅಂಥ ಚಿಕ್ಕ ವ್ಯವಸ್ಥೆಗೆ 36 ಸೆಲ್ಲಿನ ಪ್ಯಾನೆಲ್ ಇರುತ್ತದೆ. ಅದರ ವೋಲ್ಟ್ 18. ಬಿಸಿಲಿಗೆ ಕಾದಾಗ 16ರ ಹತ್ತಿರ ಬರುತ್ತದೆ. 14ರಲ್ಲಿ ಚಾರ್ಜ್ ಆಗುವ ಬ್ಯಾಟರಿಗೂ ಅದಕ್ಕೂ ಹೆಚ್ಚು ಅಂತರ ಇಲ್ಲ. ಅಲ್ಲಿ ಪಿಡಬ್ಲ್ಯೂಎಂ ಧಾರಾಳ ಸಾಕು.

ಕಂಟ್ರೋಲರ್ ಮೇಲೆ ಎರಡು ಸಂಖ್ಯೆ ಇರುತ್ತವೆ, ಉದಾಹರಣೆಗೆ 100 ವೋಲ್ಟ್, 40 ಆಂಪ್. ಇವೆರಡೂ ಒಂದೇ ತರಹದ ಮಿತಿ ಅಲ್ಲ. ನಮ್ಮ ಈಗಿನ ಎರಡು ಪ್ಯಾನೆಲಿನ 1100 ವ್ಯಾಟ್ 24 ವೋಲ್ಟ್ ಬ್ಯಾಟರಿಗೆ ಹೋದರೆ ಸುಮಾರು 44 ಆಂಪ್. 40ರ ಕಂಟ್ರೋಲರ್ ಇದ್ದರೆ ಒಳ್ಳೆಯ ಎಂಪಿಪಿಟಿ 40ಕ್ಕೇ ತಡೆದು ನಿಲ್ಲಿಸುತ್ತದೆ. ಉಳಿದದ್ದು ಬಳಕೆಯಾಗುವುದಿಲ್ಲ, ಅಷ್ಟೇ. ಅದೂ ಮಾರ್ಚ್‌ನ ನಡು ಮಧ್ಯಾಹ್ನ. ಮಳೆಗಾಲದಲ್ಲಿ 40 ಮುಟ್ಟುವುದೇ ಅಪರೂಪ. ವೋಲ್ಟಿನ ಮಿತಿ ಹಾಗಲ್ಲ. ಅದನ್ನು ದಾಟಿದರೆ ಕಂಟ್ರೋಲರ್ ಸುಟ್ಟೇ ಹೋಗಬಹುದು.

ಇಲ್ಲೊಂದು ವಿಷಯ ಗಮನಿಸಿ. ಪ್ಯಾನೆಲ್ ತಣ್ಣಗಾದರೆ ವೋಲ್ಟ್ ಏರುತ್ತದೆ. ಲೋಡ್ ಇಲ್ಲದಾಗ 550ರ ಪ್ಯಾನೆಲ್ ಸುಮಾರು 49.5 ವೋಲ್ಟ್ ತೋರಿಸುತ್ತದೆ. ಎರಡನ್ನು ಒಂದರ ಹಿಂದೆ ಒಂದು, ಅಂದರೆ ವೋಲ್ಟ್ ಕೂಡುವ ಹಾಗೆ ಜೋಡಿಸಿದರೆ 99. ನೂರರ ಒಳಗೇ ಇದೆಯಲ್ಲ ಅಂತ ಅನಿಸುತ್ತದೆ, ಅಲ್ವಾ? ಆದರೆ ಅದು 25 ಡಿಗ್ರಿಯ ಲೆಕ್ಕ. ಡಿಸೆಂಬರಿನಲ್ಲಿ ಗುಡ್ಡದ ಮೇಲಿನ ಮನೆಗಳಲ್ಲಿ ಬೆಳಗಿನ ಚಳಿ 12 ಡಿಗ್ರಿಗೆ ಇಳಿಯುತ್ತದೆ. ಒಂದೊಂದು ಡಿಗ್ರಿ ಇಳಿದಾಗಲೂ ವೋಲ್ಟ್ ನೂರಕ್ಕೆ 0.25ಕ್ಕಿಂತ ಸ್ವಲ್ಪ ಜಾಸ್ತಿ ಏರುತ್ತದೆ. ಮೊದಲ ಬಿಸಿಲು ಬಿದ್ದ ಕ್ಷಣ 102 ದಾಟಿರುತ್ತದೆ. ಮಳೆಗಾಲ ದಾಟಿಸಿದ ಕಂಟ್ರೋಲರ್ ಚಳಿಯ ಒಂದು ಬೆಳಿಗ್ಗೆ ಹಾಳಾಗಬಹುದು. ಹೀಗೆ ಜೋಡಿಸುವುದಾದರೆ 150 ವೋಲ್ಟಿನದೇ ಬೇಕು. ನಾವು ಪಕ್ಕಪಕ್ಕ ಜೋಡಿಸಿದ್ದೇವೆ, ಹಾಗಾಗಿ 100ರದ್ದೇ ನಡೆಯುತ್ತಿದೆ. ಜೋಡಿಸುವಾಗ ಮೊದಲು ಬ್ಯಾಟರಿಯ ವೈರ್, ಆಮೇಲೆ ಪ್ಯಾನೆಲಿನದು. ಬಿಚ್ಚುವಾಗ ಅದರ ಉಲ್ಟಾ.

ಇನ್ನು ಪ್ಯಾನೆಲ್ ಎತ್ತ ಮುಖ ಮಾಡಬೇಕು ಎಂಬ ಪ್ರಶ್ನೆ. ದಕ್ಷಿಣಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ವರ್ಷದ ಒಟ್ಟು ಲೆಕ್ಕಕ್ಕೆ ಅದು ಸರಿ. ಆದರೆ ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಮರಳಿ ನೆತ್ತಿಗೆ ಬರುವುದು ಆಗಸ್ಟ್ 18ರ ಹೊತ್ತಿಗೆ. ಆ ಎರಡು ದಿನ ಕಂಬಗಳ ನೆರಳು ನಡು ಮಧ್ಯಾಹ್ನ ಬುಡದಲ್ಲೇ ಅಡಗುತ್ತದೆ. ಅಂದರೆ ನಮಗೆ ಬಿಸಿಲು ಅತಿ ಬೇಕಾದ ತಿಂಗಳುಗಳಲ್ಲಿ ಸೂರ್ಯ ಪ್ಯಾನೆಲಿನ ಬೆನ್ನಿನ ಕಡೆ ಇರುತ್ತಾನೆ. ಮೇಲಾಗಿ ಮೋಡದಲ್ಲಿ ಬೆಳಕು ಇಡೀ ಆಕಾಶದಿಂದ ಚದುರಿ ಬರುತ್ತದೆ. ಆಗ ಮಲಗಿದ ಪ್ಯಾನೆಲಿಗೇ ಲಾಭ. ಆದರೆ ಪೂರ್ತಿ ಮಲಗಿಸಿದರೆ ನೀರು ನಿಂತು ಪಾಚಿ ಕಟ್ಟುತ್ತದೆ. ಅದಕ್ಕೆ ನಾವು 10 ಡಿಗ್ರಿ ಓರೆ ಮಾತ್ರ ಕೊಟ್ಟೆವು, ಮಳೆ ತಾನೇ ತೊಳೆದುಕೊಂಡು ಹೋಗುತ್ತದೆ. ಪ್ಯಾನೆಲಿನ ಒಂದು ಮೂಲೆಗೆ ಅಡಿಕೆ ಸೋಗೆಯ ನೆರಳು ಬೀಳುತ್ತಿತ್ತು. ಒಂದು ಮೂಲೆಯ ನೆರಳೂ ಪ್ಯಾನೆಲಿನ ದೊಡ್ಡ ಪಾಲನ್ನು ಮಲಗಿಸುತ್ತದೆ, ಏಕೆಂದರೆ ಸೆಲ್ಲುಗಳು ಒಂದರ ಹಿಂದೆ ಒಂದು ಜೋಡಣೆಯಾಗಿರುತ್ತವೆ. ಚೌಕಟ್ಟನ್ನು ಎಂಟು ಅಡಿ ಈಚೆ ಸರಿಸಿದೆವು.

ಈಗ ಮನೆಯ ಮೇಲೆ ಎರಡು ಪ್ಯಾನೆಲ್ ಇವೆ. ಹೋದ ವರ್ಷ ಪುನರ್ವಸು, ಪುಷ್ಯ ಎರಡೂ ಜಡಿದು ಸುರಿದವು. ರಾತ್ರಿ ಮಲಗುವಾಗ ಇನ್ವರ್ಟರ್ ಆರಿಸುವುದು ರೂಢಿಯಾಗಿದೆ. ಒಂದು ದೀಪಕ್ಕೆ ನೇರ ಬ್ಯಾಟರಿಯಿಂದ ಫ್ಯೂಸ್ ಹಾಕಿ ವೈರ್ ಎಳೆದಿದ್ದೇವೆ. ಫೆಬ್ರವರಿ ಬಂತೆಂದರೆ ಹನ್ನೊಂದು ಗಂಟೆಗೇ ಬ್ಯಾಟರಿ ತುಂಬಿ ಬಿಸಿಲು ಉಳಿಯುತ್ತದೆ. ಆ ಹೊತ್ತಿಗೆ ಅಮ್ಮ ಮರುದಿನದ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕುತ್ತಾರೆ.