ಮೂರು ಮತದ ವಾರ್ಡಿನ ಲೆಕ್ಕ

ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಚುನಾವಣೆಗಳ ಫಲಿತಾಂಶ ಓದಿ ಹೇಳುವುದು ನನ್ನ ಕೆಲಸ. ಮೇ ತಿಂಗಳ ಮೊದಲ ಗುರುವಾರ ಮತದಾನ ಮುಗಿದು ಎಣಿಕೆಯಾದ ಮೇಲೆ ಅಭ್ಯರ್ಥಿಗಳು, ಅವರ ಏಜೆಂಟರು, ಊರಿನ ಸಣ್ಣ ಪತ್ರಿಕೆಯವರು ಲೆಕ್ಕ ಹಿಡಿದುಕೊಂಡು ಬರುತ್ತಾರೆ. ಈಚೀಚೆಗೆ ಇಲ್ಲಿನ ಕನ್ನಡ ಬಳಗದವರೂ ಬರುತ್ತಿದ್ದಾರೆ. ಹತ್ತರಲ್ಲಿ ಎಂಟು ಲೆಕ್ಕಗಳಲ್ಲಿ ಇರುವುದು ಒಂದೇ ತಪ್ಪು. ವಾರ್ಡಿನಲ್ಲಿ ಒಂದು ಪಕ್ಷದ ಮೂವರಿಗೆ ಬಿದ್ದ ಮತಗಳನ್ನು ಕೂಡಿಸುತ್ತಾರೆ, ಇನ್ನೊಂದು ಪಕ್ಷದ ಮೂವರದ್ದನ್ನೂ ಕೂಡಿಸುತ್ತಾರೆ, ಒಟ್ಟಿನಿಂದ ಭಾಗಿಸಿ ಶೇಕಡಾ ತೆಗೆಯುತ್ತಾರೆ. ಆಮೇಲೆ ‘ಜನ ನಮ್ಮ ಕಡೆ ಇದ್ದಾರೆ’ ಅಂತ ಕರಪತ್ರ ಹೊರಡುತ್ತದೆ. ಮುಂದಿನ ನಾಲ್ಕು ವರ್ಷ ಆ ಕರಪತ್ರದ ಅಂಕಿಯೇ ಎಲ್ಲರ ಬಾಯಲ್ಲಿ. ಎಷ್ಟು ಸಲ ಹೇಳಿದರೂ ಇದು ನಿಲ್ಲುತ್ತಿಲ್ಲ. ಅದಕ್ಕೇ ಈ ಸಲ ಬರೆದೇ ಬಿಡೋಣ ಅನ್ನಿಸಿತು.

ಮನೆಮನೆಯ ಕಸ ಸಂಗ್ರಹ, ಕಟ್ಟಡ ಕಟ್ಟುವ ಅನುಮತಿ, ವಸತಿ, ಕೌನ್ಸಿಲ್ ತೆರಿಗೆ ವಸೂಲಿ ಡಿಸ್ಟ್ರಿಕ್ಟ್ ಕೌನ್ಸಿಲ್ ಪಾಲು. ಶಾಲೆ, ರಸ್ತೆ, ವೃದ್ಧರ ಆರೈಕೆ ಅದರ ಮೇಲಿನ ಕೌಂಟಿಯ ಪಾಲು. ಅದು ಓದುಗರಿಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ. ಗೊತ್ತಿರಬೇಕಾದ ಮುಖ್ಯ ಸಂಗತಿ ಬೇರೆ. ಇಲ್ಲಿನ ಅನೇಕ ವಾರ್ಡುಗಳಿಂದ ಇಬ್ಬರೋ ಮೂವರೋ ಆಯ್ಕೆಯಾಗುತ್ತಾರೆ. ಎಲ್ಲ ಸ್ಥಾನಗಳಿಗೂ ಒಟ್ಟಿಗೇ ಚುನಾವಣೆ ನಡೆದರೆ, ಮೂರು ಸ್ಥಾನದ ವಾರ್ಡಿನ ಮತದಾರನ ಕೈಯಲ್ಲಿ ಒಂದು ಮತಪತ್ರ, ಅದರಲ್ಲಿ ಮೂರು ಮತ. ಮೂರನ್ನೂ ಒಂದೇ ಪಕ್ಷಕ್ಕೆ ಹಾಕಬಹುದು, ಹಂಚಬಹುದು, ಒಂದೇ ಹಾಕಿ ಸುಮ್ಮನಾಗಬಹುದು. ಒಬ್ಬನಿಗೇ ಮೂರು ಹಾಕುವಂತಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ ಮತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ವಾರ್ಡಿಗೆ ಮೂರು ಸ್ಥಾನ ಇದ್ದರೆ ಮೂರು ಮತ. ಆದರೆ ಅಲ್ಲಿ ಪಕ್ಷದ ಚಿಹ್ನೆ ಇಲ್ಲದ ಕಾರಣ ಪಕ್ಷವಾರು ಕೂಡಿಸುವ ಚಪಲವೂ ಅಷ್ಟಿಲ್ಲ. ಇಲ್ಲಿ ಪಕ್ಷದ ಹೆಸರು, ಲಾಂಛನ ಮತಪತ್ರದ ಮೇಲೇ ಇರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಲೆಕ್ಕಕ್ಕೊಂದು ವಾರ್ಡ್ ಕಲ್ಪಿಸಿಕೊಳ್ಳೋಣ. ಮತದಾರರು 6,000. ಮತ ಹಾಕಿದವರು 2,000, ಯಾವ ಮತಪತ್ರವೂ ತಿರಸ್ಕೃತವಾಗಿಲ್ಲ. ಸ್ಥಾನ ಮೂರು. ಕನ್ಸರ್ವೇಟಿವ್ ಪಕ್ಷದ ಮೂವರಿಗೆ 820, 790, 760. ಲಿಬರಲ್ ಡೆಮಾಕ್ರಾಟ್ ಪಕ್ಷದ ಮೂವರಿಗೆ 780, 750, 740. ಗ್ರೀನ್ ಪಕ್ಷ ಒಬ್ಬರನ್ನೇ ನಿಲ್ಲಿಸಿದೆ, ಅವರಿಗೆ 700. ಗೆದ್ದವರು ಕನ್ಸರ್ವೇಟಿವ್ ಇಬ್ಬರು, ಲಿಬರಲ್ ಡೆಮಾಕ್ರಾಟ್ ಒಬ್ಬರು.

ಈಗ ನಮ್ಮ ಕರಪತ್ರದವರು ಕೂಡಿಸುತ್ತಾರೆ. ಕನ್ಸರ್ವೇಟಿವ್ 2,370, ಲಿಬರಲ್ ಡೆಮಾಕ್ರಾಟ್ 2,270, ಗ್ರೀನ್ 700, ಒಟ್ಟು 5,340. ಹಾಗಾಗಿ ಕನ್ಸರ್ವೇಟಿವ್ ಶೇ 44, ಲಿಬರಲ್ ಡೆಮಾಕ್ರಾಟ್ ಶೇ 43, ಗ್ರೀನ್ ಶೇ 13. ‘ಇಲ್ಲಿ ಗ್ರೀನ್ ಗೆಲ್ಲುವ ಮಾತೇ ಇಲ್ಲ’ ಅಂತ ದಪ್ಪ ಅಕ್ಷರದಲ್ಲಿ ಒಂದು ಸಾಲು, ಪಕ್ಕದಲ್ಲಿ ಎತ್ತರದ ಎರಡು ಕಂಬ, ಮೂಲೆಯಲ್ಲಿ ಮೊಳಕೆಯಷ್ಟು ಹಸಿರು.

ಆದರೆ ಮತ ಹಾಕಲು ಬಂದವರು 2,000 ಜನ. ಅವರಲ್ಲಿ 700 ಜನ, ಅಂದರೆ ನೂರಕ್ಕೆ ಮೂವತ್ತೈದು ಮಂದಿ, ಗ್ರೀನ್ ಅಭ್ಯರ್ಥಿಯ ಎದುರು ಗುರುತು ಹಾಕಿದ್ದಾರೆ. ಕನ್ಸರ್ವೇಟಿವ್ ಪಕ್ಷದ ಮೊದಲ ಅಭ್ಯರ್ಥಿಗೆ ಹಾಕಿದವರು ನೂರಕ್ಕೆ ನಲವತ್ತೊಂದು. ಹದಿಮೂರು ಎಲ್ಲಿ, ಮೂವತ್ತೈದು ಎಲ್ಲಿ! ಒಂದೇ ವಾರ್ಡು, ಒಂದೇ ರಾತ್ರಿ, ಒಂದೇ ಮತಪೆಟ್ಟಿಗೆ.

ಇನ್ನೂ ಸ್ವಲ್ಪ ಒಳಗೆ ಹೋಗಿ, ಏಕೆಂದರೆ ಜನ ಎಡವುವ ಜಾಗ ಇದೇ. 2,000 ಮತಪತ್ರದಲ್ಲಿ ಹೆಚ್ಚೆಂದರೆ 6,000 ಮತ ಇರಲು ಸಾಧ್ಯ. ಬಿದ್ದಿರುವುದು 5,340, ಅಂದರೆ ಬಳಸದೆ ಬಿಟ್ಟದ್ದು 660. ಗ್ರೀನ್‌ಗೆ ಹಾಕಿದ 700 ಜನರ ಬಳಿ ತಲಾ ಇನ್ನೆರಡು ಮತ ಇತ್ತು, ಒಟ್ಟು 1,400. ಆ 660ನ್ನು ಬಿಟ್ಟವರೆಲ್ಲ ಇವರೇ ಅಂತ ಇಟ್ಟುಕೊಂಡರೂ, ಕನಿಷ್ಠ 740 ಮತಗಳನ್ನು ಇದೇ ಗ್ರೀನ್ ಮತದಾರರು ಬೇರೆ ಎರಡು ಪಕ್ಷಗಳಿಗೆ ಕೊಟ್ಟಿದ್ದಾರೆ. ಹಾಗಿದ್ದ ಮೇಲೆ 2,370, 2,270, 700 ಅನ್ನುವುದು ಮೂರು ಬೇರೆ ಬೇರೆ ಗುಂಪಿನ ಜನರ ಲೆಕ್ಕ ಆಗುವುದಾದರೂ ಹೇಗೆ? ಒಬ್ಬನೇ ಮನುಷ್ಯ ಎರಡು ಕಂಬದಲ್ಲೂ ನಿಂತಿದ್ದಾನೆ. ಕೆಲವರು ಮೂರು ಕಂಬದಲ್ಲೂ ಇರಬಹುದು.

ಕೂಡಿಸುವವರು ಇನ್ನೊಂದು ಅನಾಹುತವನ್ನೂ ಮಾಡುತ್ತಾರೆ. ಆ 5,340ನ್ನು 6,000 ಮತದಾರರಿಂದ ಭಾಗಿಸಿ ‘ಶೇ 89 ಮತದಾನ’ ಅನ್ನುತ್ತಾರೆ. ಇಂಥದ್ದೊಂದು ಅಂಕಿ ಒಂದು ಊರಿನ ಸುದ್ದಿಪತ್ರದಲ್ಲಿ ಅಚ್ಚಾಗುವ ಹಂತಕ್ಕೆ ಬಂದಿತ್ತು. ಬರೆದ ಹುಡುಗಿ ಒಳ್ಳೆಯ ಕೆಲಸಗಾತಿ, ರಾತ್ರಿಯೆಲ್ಲ ಎಣಿಕೆ ಕೇಂದ್ರದಲ್ಲಿ ನಿಂತಿದ್ದಳು. ‘ಸಂಸತ್ತಿನ ಚುನಾವಣೆಯಲ್ಲೇ ಇಲ್ಲಿ ಇಷ್ಟು ಜನ ಬರುವುದಿಲ್ಲವಲ್ಲ’ ಅಂತ ಅವಳಿಗೇ ಅನುಮಾನ ಬಂದು ಕೇಳಿದಳು. ಇಲ್ಲಿನ ಸ್ಥಳೀಯ ಚುನಾವಣೆಗೆ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರು ಬಂದರೆ ಅದೇ ಹೆಚ್ಚು. ಆ ಅನುಮಾನ ಎಲ್ಲರಿಗೂ ಬಂದರೆ ನನ್ನ ಅರ್ಧ ಕೆಲಸ ಮುಗಿದಂತೆ.

ನೋಡಬೇಕಾದ್ದು ಘೋಷಣಾ ಪತ್ರದ ಕೆಳಭಾಗ. ಪ್ರತಿ ವಾರ್ಡಿಗೂ ಚುನಾವಣಾಧಿಕಾರಿ ಒಂದು ಪುಟ ಪ್ರಕಟಿಸುತ್ತಾರೆ. ಮೇಲೆ ಅಭ್ಯರ್ಥಿಗಳ ಹೆಸರು, ಪಕ್ಷ, ಮತ, ಗೆದ್ದವರ ಎದುರು ಅದರ ನಮೂದು. ಫೋಟೊ ಹೊಡೆಯುವವರೆಲ್ಲ ಇಷ್ಟನ್ನೇ ಹೊಡೆಯುತ್ತಾರೆ. ಕೆಳಗೆ ತಿರಸ್ಕೃತ ಮತಪತ್ರಗಳ ವಿವರ ಇರುತ್ತದೆ. ಅಧಿಕೃತ ಗುರುತು ಇಲ್ಲದ್ದು, ಮಿತಿಗಿಂತ ಹೆಚ್ಚು ಮಂದಿಗೆ ಹಾಕಿದ್ದು, ಮತದಾರ ಯಾರೆಂದು ಪತ್ತೆಯಾಗುವಂತೆ ಬರೆದದ್ದು, ಖಾಲಿ ಬಿಟ್ಟದ್ದು ಅಥವಾ ಅಸ್ಪಷ್ಟವಾದದ್ದು. ಭಾಗಶಃ ತಿರಸ್ಕೃತ ಅನ್ನುವುದೂ ಉಂಟು: ಮೂರರಲ್ಲಿ ಒಂದು ಗುರುತು ಅಸ್ಪಷ್ಟವಾಗಿದ್ದರೆ ಉಳಿದೆರಡನ್ನು ಎಣಿಸುತ್ತಾರೆ. ಮತದಾರರ ಸಂಖ್ಯೆ, ಮತಪತ್ರಗಳ ಸಂಖ್ಯೆ, ಶೇಕಡಾ ಮತದಾನವನ್ನು ಬಹುತೇಕ ಕೌನ್ಸಿಲುಗಳು ಅದೇ ಪುಟದಲ್ಲೋ ತಮ್ಮ ಜಾಲತಾಣದಲ್ಲೋ ಕೊಡುತ್ತವೆ. ಮತಪತ್ರಗಳ ಸಂಖ್ಯೆ ಇಲ್ಲದೆ ಬಹುಸದಸ್ಯ ವಾರ್ಡಿನ ಬಗ್ಗೆ ಏನೂ ಹೇಳಬೇಡಿ. ಸಿಗದಿದ್ದರೆ ಕೌನ್ಸಿಲಿನ ಚುನಾವಣಾ ಶಾಖೆಗೆ ಫೋನ್ ಮಾಡಿ ಕೇಳಿ, ಹೇಳುತ್ತಾರೆ.

ಎಣಿಕೆ ಮೇಜಿನ ಹತ್ತಿರ ಒಂದು ಸಲ ನಿಂತವರಿಗೆ ಈ ಗೊಂದಲ ತಾನಾಗಿ ಬಿಟ್ಟುಹೋಗುತ್ತದೆ. ಮೊದಲು ಪೆಟ್ಟಿಗೆಯಲ್ಲಿದ್ದ ಮತಪತ್ರಗಳ ಸಂಖ್ಯೆ ತಾಳೆ ನೋಡುತ್ತಾರೆ. ಆಮೇಲೆ ಎರಡು ಪಾಲು. ಮೂರೂ ಮತ ಒಂದೇ ಪಕ್ಷಕ್ಕೆ ಬಿದ್ದವು ಒಂದು ಕಡೆ, ಪಕ್ಷವಾರು ಕಟ್ಟು. ಉಳಿದದ್ದೆಲ್ಲ ಮಿಶ್ರ. ಮಿಶ್ರದ್ದನ್ನು ಎಣಿಸಲು ಹಲವು ಕಡೆ ‘ಗ್ರಾಸ್ ಸ್ಕರ್ಟ್’ ಅನ್ನುವ ಕ್ರಮ ಇದೆ. ಉದ್ದನೆಯ ಹಾಳೆಗೆ ಮತಪತ್ರಗಳನ್ನು ಗುರುತಿನ ಅಂಚು ಮಾತ್ರ ಕಾಣುವಂತೆ ಪಕ್ಕಪಕ್ಕದಲ್ಲಿ ಜೋಡಿಸಿ, ಒಬ್ಬೊಬ್ಬ ಅಭ್ಯರ್ಥಿಯ ಸಾಲನ್ನೂ ಅಡ್ಡಡ್ಡ ಎಣಿಸಿ ಕೊನೆಗೆ ಮೊತ್ತ ಬರೆಯುತ್ತಾರೆ. ಆ ಹಾಳೆ ನೋಡಿದರೆ ಜನ ಹೇಗೆ ಯೋಚಿಸುತ್ತಾರೆ ಅಂತ ತಿಳಿಯುತ್ತದೆ. ಒಬ್ಬರು ಲೇಬರ್ ಒಂದು, ಗ್ರೀನ್ ಒಂದು, ಪಕ್ಕದ ಬೀದಿಯ ಪಕ್ಷೇತರ ಒಂದು. ಇನ್ನೊಬ್ಬರು ಕನ್ಸರ್ವೇಟಿವ್ ಎರಡು, ಮೂರನೆಯದು ಚರಂಡಿ ಸರಿಮಾಡಿಸಿದ ಲಿಬರಲ್ ಡೆಮಾಕ್ರಾಟ್ ಮಹಿಳೆಗೆ. ಏಜೆಂಟರು ಮೇಜಿನಾಚೆಯಿಂದ ನೋಡಬಹುದು, ಮುಟ್ಟುವಂತಿಲ್ಲ. ಎಣಿಕೆ ಮುಗಿದ ಮೇಲೆ ಎಲ್ಲವೂ ಮೊಹರಾಗಿ, ಒಂದು ವರ್ಷ ಇಟ್ಟು ನಾಶಪಡಿಸುತ್ತಾರೆ. ನಡುವೆ ತೆರೆಯಬೇಕಾದರೆ ನ್ಯಾಯಾಲಯದ ಆದೇಶ ಬೇಕು. ಹಾಗಾಗಿ ಯಾರು ಯಾರ ಜೊತೆ ಯಾರಿಗೆ ಹಾಕಿದರು ಅನ್ನುವ ಪೂರ್ತಿ ಚಿತ್ರ ಪ್ರಕಟವಾದ ಅಂಕಿಗಳಲ್ಲಿ ಇರುವುದೇ ಇಲ್ಲ.

ಹಾಗಾದರೆ ಪಕ್ಷದ ಪಾಲು ಹೇಳುವುದು ಹೇಗೆ? ಪ್ಲಿಮತ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಸ್ಥಳೀಯ ಚುನಾವಣೆಗಳ ದಾಖಲೆ ಕಟ್ಟಿದ ಕಾಲಿನ್ ರಾಲಿಂಗ್ಸ್ ಮತ್ತು ಮೈಕಲ್ ಥ್ರಾಷರ್ ಅವರದು ರೂಢಿಯಲ್ಲಿರುವ ದಾರಿ. ಪ್ರತಿ ಪಕ್ಷದ ಅತಿ ಹೆಚ್ಚು ಮತ ಪಡೆದ ಒಬ್ಬ ಅಭ್ಯರ್ಥಿಯ ಅಂಕಿಯನ್ನಷ್ಟೇ ತೆಗೆದುಕೊಳ್ಳುವುದು. ನಮ್ಮ ವಾರ್ಡಿಗೆ ಹಾಗೆ ಮಾಡಿದರೆ 820, 780, 700. ಪಾಲು ಸುಮಾರು 36, 34, 30. ನಾನೂ ಹೀಗೇ ಮಾಡುತ್ತೇನೆ. ಇದೂ ಪರಿಪೂರ್ಣ ಅಲ್ಲ. ಒಬ್ಬರನ್ನೇ ನಿಲ್ಲಿಸಿದ ಪಕ್ಷಕ್ಕೆ ಅಕ್ಕಪಕ್ಕದವರ ಮೂರನೇ ಮತವೂ ಬಂದು ಸೇರುವುದರಿಂದ ಅದರ ಪಾಲು ಸ್ವಲ್ಪ ಉಬ್ಬಬಹುದು. ಪಕ್ಷದ ಅಭ್ಯರ್ಥಿಗಳ ಮತಗಳ ಸರಾಸರಿ ತೆಗೆಯುವವರೂ ಇದ್ದಾರೆ. ಯಾವುದನ್ನಾದರೂ ಬಳಸಿ, ಆದರೆ ಯಾವುದು ಅಂತ ಬರೆಯಿರಿ, ಎರಡು ಚುನಾವಣೆ ಹೋಲಿಸುವಾಗ ಎರಡಕ್ಕೂ ಅದನ್ನೇ ಬಳಸಿ.

ಸ್ಥಾನಗಳ ಎಣಿಕೆ ನೋಡಿ ಜನಬೆಂಬಲ ಅಳೆಯುವವರಿಗೆ ಈಸ್ಟ್ ಹರ್ಟ್‌ಫರ್ಡ್‌ಶೈರ್ ಸಾಕು. ಹರ್ಟ್‌ಫರ್ಡ್, ವೇರ್, ಬಿಷಪ್ಸ್ ಸ್ಟಾರ್ಟ್‌ಫರ್ಡ್ ಇರುವ ಆ ಕೌನ್ಸಿಲಿನಲ್ಲಿ 2015ರಲ್ಲಿ 50ಕ್ಕೆ 50 ಸ್ಥಾನವೂ ಕನ್ಸರ್ವೇಟಿವ್ ಪಾಲಾಯಿತು. ಅಲ್ಲಿನ ಎಲ್ಲರೂ ಅವರಿಗೇ ಹಾಕಿದ್ದರು ಅಂತ ಯಾರೂ ಹೇಳಲಾರರು. ವಾರ್ಡಿನಲ್ಲಿ ಸ್ವಲ್ಪ ಮುಂದಿದ್ದ ಪಕ್ಷ ಆ ವಾರ್ಡಿನ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳುವುದು ಈ ಪದ್ಧತಿಯ ಗುಣ. ಎಂಟು ವರ್ಷದ ಮೇಲೆ, 2023ರಲ್ಲಿ, ಅದೇ ಕೌನ್ಸಿಲಿನಲ್ಲಿ ಗ್ರೀನ್ 19, ಕನ್ಸರ್ವೇಟಿವ್ 16, ಲಿಬರಲ್ ಡೆಮಾಕ್ರಾಟ್ 10, ಲೇಬರ್ 5. ಅದೇ ವರ್ಷ ಮಿಡ್ ಸಫೋಕ್‌ನಲ್ಲಿ ಗ್ರೀನ್ ಪಕ್ಷ 34ರಲ್ಲಿ 24 ಗೆದ್ದು ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಒಂದು ಕೌನ್ಸಿಲಿನ ಬಹುಮತ ಪಡೆಯಿತು. ವಾರ್ಡಿನಲ್ಲಿ ‘ಶೇ 13’ ಅಂತ ಹಿಂದಿನ ಸಲ ಬರೆದಿಟ್ಟುಕೊಂಡು ಗ್ರೀನ್ ಪಕ್ಷವನ್ನು ಲೆಕ್ಕದಿಂದಲೇ ಕೈಬಿಟ್ಟವರು ಇಂಥ ಕಡೆಯೇ ಬೆಚ್ಚಿಬೀಳುವುದು.

ನಮ್ಮವರದ್ದೊಂದು ಪ್ರಸಂಗ ಹೇಳಬೇಕು. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯ ಪೌರರು ಕಾಮನ್‌ವೆಲ್ತ್ ಪ್ರಜೆಗಳಾಗಿ ಮತ ಹಾಕಬಹುದು, ಅನಿರ್ದಿಷ್ಟಾವಧಿ ವಾಸದ ಅನುಮತಿ ಇದ್ದವರು ಸ್ಥಳೀಯ ಚುನಾವಣೆಗೆ ನಿಲ್ಲಲೂಬಹುದು. ಠೇವಣಿ ಕಟ್ಟಬೇಕಾಗಿಲ್ಲ, ಹಾಗಾಗಿ ‘ಠೇವಣಿ ಹೋಯಿತು’ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ಕನ್ನಡದ ಎಂಜಿನಿಯರ್ ಒಬ್ಬರು ಮೂರು ಸ್ಥಾನದ ವಾರ್ಡಿನಲ್ಲಿ ಪಕ್ಷದ ಮೂರನೇ ಅಭ್ಯರ್ಥಿಯಾಗಿ ನಿಂತರು. ಮಳೆಯಲ್ಲಿ ಮನೆಮನೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಫಲಿತಾಂಶದಲ್ಲಿ ಅವರದೇ ಪಕ್ಷದ ಇನ್ನಿಬ್ಬರಿಗಿಂತ ನೂರಕ್ಕೂ ಹೆಚ್ಚು ಮತ ಕಡಿಮೆ, ಸೋಲು. ‘ನಮ್ಮವರೇ ಕೈಕೊಟ್ಟರು’ ಅಂತ ಬಳಗದಲ್ಲಿ ಮಾತಾಯಿತು, ಒಂದೆರಡು ಮನೆಗಳ ನಡುವೆ ಮುನಿಸೂ ಆಯಿತು.

ಯಾರೂ ಕೈಕೊಟ್ಟಿರಲಿಲ್ಲ ಅಂತ ಆಣೆ ಇಟ್ಟು ಹೇಳಲಾರೆ, ಮತ ಗುಪ್ತ. ಆದರೆ ಇಂಗ್ಲೆಂಡಿನ ಮತಪತ್ರದಲ್ಲಿ ಹೆಸರುಗಳು ಕುಲನಾಮದ ಅಕ್ಷರಕ್ರಮದಲ್ಲಿ ಇರುತ್ತವೆ. ಒಂದೇ ಪಕ್ಷದ ಮೂವರಲ್ಲಿ ಮೇಲೆ ಇರುವವರಿಗೆ ಹೆಚ್ಚು, ಕೆಳಗಿರುವವರಿಗೆ ಕಡಿಮೆ ಬೀಳುವುದನ್ನು ಇಲ್ಲಿನ ಸಂಶೋಧಕರು ಬಹಳ ಕಾಲದಿಂದ ಗುರುತಿಸಿದ್ದಾರೆ. ಇವರ ಹೆಸರು ಶುರುವಾಗುವುದು ‘ವಿ’ಯಿಂದ. ಜೊತೆಗೆ ಪರದೇಶದ ಹೆಸರು ಕಂಡರೆ ಕೆಲವರ ಪೆನ್ಸಿಲ್ ಮುಂದಕ್ಕೆ ಸರಿಯುವುದೂ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರಿಗೆ ಇದನ್ನೆಲ್ಲ ಕೂತು ವಿವರಿಸಿದೆ. ಅವರ ಹೆಂಡತಿ ‘ಹಾಗಾದರೆ ಆ ಮನೆಯವರಿಗೆ ನಾನೇ ಮೊದಲು ಫೋನ್ ಮಾಡುತ್ತೇನೆ’ ಅಂದರು. ಅಂಥ ಜನ ಇವರು.

ಉಪಚುನಾವಣೆಯಲ್ಲಿ ಗೊಂದಲ ದುಪ್ಪಟ್ಟು. ಮೂವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರೆ ಒಂದೇ ಸ್ಥಾನ, ಮತದಾರನಿಗೆ ಒಂದೇ ಮತ. ಹಿಂದೆ 2,370 ಇದ್ದದ್ದು ಈಗ 800ಕ್ಕೆ ಇಳಿಯಿತು, ಪಕ್ಷ ಕುಸಿಯಿತು ಅನ್ನುತ್ತಾರೆ. 820ರ ಪಕ್ಕ 800 ಇಟ್ಟು ನೋಡಿ, ಕುಸಿತ ಎಲ್ಲಿದೆ? ಕೇಂಬ್ರಿಡ್ಜ್‌ನಂಥ ಕಡೆ ಇನ್ನೊಂದು ತೊಡಕು. ಅಲ್ಲಿ 14 ವಾರ್ಡು, ತಲಾ ಮೂವರಂತೆ 42 ಸದಸ್ಯರು, ಸಾಮಾನ್ಯವಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕೆ ಮಾತ್ರ ಚುನಾವಣೆ. 2021ರಲ್ಲಿ ವಾರ್ಡುಗಳ ಗಡಿ ಬದಲಾದ್ದರಿಂದ ಎಲ್ಲ ಸ್ಥಾನಕ್ಕೂ ಒಟ್ಟಿಗೆ ನಡೆಯಿತು, ಮೂರು ಮತ. ಮರುವರ್ಷ ಒಂದು ಮತ. ಆ ಎರಡು ವರ್ಷಗಳ ಮತಗಳನ್ನು ಕೂಡಿಸಿ ಹೋಲಿಸಿದ ಕೋಷ್ಟಕ ಯಾರಾದರೂ ತೋರಿಸಿದರೆ ದಯವಿಟ್ಟು ನಂಬಬೇಡಿ.

ಮೂರೂ ಮತ ಬಳಸಲೇಬೇಕಾ ಅಂತ ಕೇಳುವವರೂ ಇದ್ದಾರೆ. ಬಳಸಲೇಬೇಕೆಂಬ ನಿಯಮ ಇಲ್ಲ, ಒಂದೇ ಗುರುತು ಇದ್ದರೂ ಮತಪತ್ರ ಸಿಂಧು. ಯಾರಿಗೆ ಹಾಕಬೇಕೆಂದು ಹೇಳುವುದು ನನ್ನ ಕೆಲಸ ಅಲ್ಲ. ಆದರೆ ನಮ್ಮ ಕಲ್ಪನೆಯ ವಾರ್ಡಿನಲ್ಲಿ ಮೂರನೇ ಸ್ಥಾನ ಗೆದ್ದವರಿಗೆ 780, ಗ್ರೀನ್ ಅಭ್ಯರ್ಥಿಗೆ 700. ಆ 740 ಮತಗಳನ್ನು ಗ್ರೀನ್ ಮತದಾರರು ಬೇರೆ ಆರು ಮಂದಿಗೆ ಹಂಚದೆ ಇಟ್ಟುಕೊಂಡಿದ್ದರೆ ಆ ಆರು ಮಂದಿಯಲ್ಲಿ ಒಬ್ಬೊಬ್ಬರಿಗೆ ಸರಾಸರಿ ನೂರಿಪ್ಪತ್ತಕ್ಕೂ ಹೆಚ್ಚು ಕಡಿಮೆಯಾಗುತ್ತಿತ್ತು. ಆಗ ಗೆಲ್ಲುವ ಮೂವರಲ್ಲಿ ಗ್ರೀನ್ ಅಭ್ಯರ್ಥಿಯ ಹೆಸರೂ ಇರುವ ಸಾಧ್ಯತೆ ಬಲವಾಗಿತ್ತು. ಒಬ್ಬರೇ ಗೆಲ್ಲಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಎರಡನೇ ಮತ್ತು ಮೂರನೇ ಗುರುತು ಹಾಕುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ ನೋಡಿ.