ಭರವಸೆ ದುಡಿಸುವ ಬಗೆ, ಕಾಯಿಸುವ ಬಗೆ

ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಹೊಟ್ಟೆಯ ಮೇಲೆ ರಂಧ್ರ ಮಾಡಿ, ಮಲವು ಚರ್ಮಕ್ಕೆ ಅಂಟಿಸಿದ ಚೀಲದೊಳಗೆ ಬೀಳುವಂತೆ ಮಾಡಬೇಕಾಗುತ್ತದೆ. ಕೆಲವರಿಗೆ ಈ ಏರ್ಪಾಡು ಜೀವನಪರ್ಯಂತ. ಇನ್ನು ಕೆಲವರಿಗೆ ಕೆಲವು ತಿಂಗಳ ನಂತರ ಕರುಳನ್ನು ಮತ್ತೆ ಜೋಡಿಸುವ ಸಾಧ್ಯತೆಯಿರುತ್ತದೆ. ಇವರಲ್ಲಿ ಹೆಚ್ಚು ನೆಮ್ಮದಿಯಿಂದಿರುವವರು ಯಾರೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಎರಡನೆಯ ಗುಂಪನ್ನೇ ತೋರಿಸಿಯೇವು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಶಸ್ತ್ರಚಿಕಿತ್ಸೆಯ ನಂತರದ ಆರು ತಿಂಗಳಲ್ಲಿ ಶಾಶ್ವತ ಚೀಲದವರ ಜೀವನತೃಪ್ತಿ ಹೆಚ್ಚುತ್ತ ಹೋಯಿತು. ಬಿಡುಗಡೆಯ ದಾರಿ ಕಾಯುತ್ತಿದ್ದವರದು ಹೆಚ್ಚಲಿಲ್ಲ. ಮನುಷ್ಯ ಎಂಥ ಸ್ಥಿತಿಗೂ ಒಗ್ಗಿಕೊಳ್ಳಬಲ್ಲನಾದರೂ, ಇದು ನಾಲ್ಕು ದಿನದ ಪಾಡು ಎಂದುಕೊಂಡವನು ಒಗ್ಗಿಕೊಳ್ಳುವ ಗೋಜಿಗೇ ಹೋಗುವುದಿಲ್ಲ ಎಂಬುದು ಸಂಶೋಧಕರ ವಿವರಣೆ.

ಭರವಸೆ ನಮ್ಮನ್ನು ಇಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದೇಕೆ? ಇದಕ್ಕೆ ಉತ್ತರದ ಒಂದು ಭಾಗ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿದೆ. ಒಂದು ಸಂಕೇತ ತೋರಿಸಿ ಸ್ವಲ್ಪ ಹೊತ್ತಿನ ನಂತರ ಹಣ್ಣಿನ ರಸ ಕೊಡುವುದನ್ನು ರೂಢಿ ಮಾಡಿದಾಗ, ಮಂಗದ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುವ ನರಕೋಶಗಳು ಕ್ರಮೇಣ ರಸಕ್ಕಲ್ಲ, ಅದರ ಸುಳಿವಿಗೇ ಸ್ಪಂದಿಸತೊಡಗಿದವು. ರಸ ಬರಬೇಕಾದ ಕ್ಷಣದಲ್ಲಿ ಅದು ಬಾರದಿದ್ದರೆ, ಸರಿಯಾಗಿ ಆ ಕ್ಷಣದಲ್ಲಿಯೇ ಅವುಗಳ ಚಟುವಟಿಕೆ ಕುಸಿಯಿತು. ಶುಲ್ಟ್ಸ್ ತಂಡ 2003ರಲ್ಲಿ ಪ್ರಕಟಿಸಿದ ಮತ್ತೊಂದು ಅಂಶ ಇನ್ನೂ ಕುತೂಹಲಕರ: ಸುಳಿವು ಕಂಡ ಮೇಲೆ ರಸದ ಹೊತ್ತಿನವರೆಗೆ ನಿಧಾನವಾಗಿ ಏರುವ ಚಟುವಟಿಕೆಯೊಂದಿದ್ದು, ರಸ ಸಿಗುವ ಸಾಧ್ಯತೆ ಶೇ. 50ರಷ್ಟಿದ್ದಾಗ, ಅಂದರೆ ಅನಿಶ್ಚಿತತೆ ಪರಾಕಾಷ್ಠೆಯಲ್ಲಿದ್ದಾಗ, ಅದು ಅತಿ ಹೆಚ್ಚಾಗಿತ್ತು. ಆಗೊಮ್ಮೆ ಈಗೊಮ್ಮೆ ಮಾತ್ರ ಗೆಲ್ಲಿಸುವ ಜೂಜಿನ ಯಂತ್ರದ ಮುಂದಿನಿಂದ ಏಳುವುದು ಏಕೆ ಅಷ್ಟು ಕಷ್ಟವೆಂಬುದಕ್ಕೆ ಇದರಲ್ಲೊಂದು ಸುಳಿವಿದೆ.

ಹಾಗೆಂದು ಭರವಸೆಯನ್ನು ಚಟಗಳ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕರ್ಟ್ ರಿಕ್ಟರ್ 1957ರಲ್ಲಿ ವರದಿ ಮಾಡಿದ ಪ್ರಯೋಗವನ್ನು ನೋಡಿ (ಇಂದಿನ ಯಾವ ನೈತಿಕ ಸಮಿತಿಯೂ ಇಂಥದ್ದಕ್ಕೆ ಒಪ್ಪಲಾರದು). ನೀರು ತುಂಬಿದ ಗಾಜಿನ ಪಾತ್ರೆಗೆ ಬಿಟ್ಟ ಕಾಡು ಇಲಿಗಳು, ಈಜು ಬಲ್ಲವಾಗಿಯೂ, ಕೆಲವೇ ನಿಮಿಷಗಳಲ್ಲಿ ಸತ್ತವು. ಭಯದಿಂದ ಎದೆಬಡಿತ ವಿಪರೀತ ಏರಿ ಸತ್ತಿರಬೇಕೆಂದುಕೊಂಡರೆ, ಅದು ನಿಧಾನವಾಗುತ್ತ ನಿಂತುಹೋಗಿತ್ತು. ಆದರೆ ಮೊದಲೇ ಕೆಲವು ಸಲ ಹಿಡಿದು ಬಿಟ್ಟು, ನೀರಿಗೆ ಹಾಕಿ ಹೊರತೆಗೆದಿದ್ದ ಇಲಿಗಳು ಗಂಟೆಗಟ್ಟಲೆ ಈಜಿದವು. ಪಾರಾಗಬಹುದೆಂಬುದನ್ನು ಅವು ಕಲಿತಿದ್ದವು ಎಂದು ರಿಕ್ಟರ್ ವಾದಿಸಿದರು. ಇಲಿಯ ಮನಸ್ಸಿಗೆ ನಮ್ಮ ಭರವಸೆಯನ್ನು ಆರೋಪಿಸುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ಪಾರಾದ ಅನುಭವವಿದ್ದ ಇಲಿಗಳ ದೇಹ ಅಷ್ಟು ಬೇಗ ಕೈಚೆಲ್ಲಲಿಲ್ಲವೆಂಬುದಂತೂ ಸ್ಪಷ್ಟ.

ಇಲಿ ಈಜಬಲ್ಲದಾಗಿತ್ತು, ಚೀಲ ಹೊತ್ತ ರೋಗಿಗೆ ಕಾಯುವುದರ ಹೊರತು ಮಾಡಲು ಬೇರೇನೂ ಇರಲಿಲ್ಲ. ನನ್ನ ಮಟ್ಟಿಗೆ, ಭರವಸೆ ಎಷ್ಟಿದೆ ಎನ್ನುವುದಕ್ಕಿಂತ ಅದು ನಮಗೆ ಯಾವ ಕೆಲಸ ಹಚ್ಚುತ್ತದೆ ಎನ್ನುವುದೇ ಮುಖ್ಯ. ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ ಅವರ ಸಂಶೋಧನೆ ಈ ವ್ಯತ್ಯಾಸವನ್ನು ಮತ್ತಷ್ಟು ಬಿಡಿಸಿ ತೋರಿಸುತ್ತದೆ. ತೂಕ ಇಳಿಸಿಕೊಳ್ಳಲು ಹೊರಟ ಮಹಿಳೆಯರ ಬಗೆಗಿನ 1991ರ ಅಧ್ಯಯನದಲ್ಲಿ, ತಮ್ಮಿಂದ ಇದು ಸಾಧ್ಯವೆಂದು ನಂಬಿದವರು ಹೆಚ್ಚು ತೂಕ ಇಳಿಸಿಕೊಂಡರು. ಆದರೆ ತೆಳ್ಳಗಾದ ತಮ್ಮನ್ನು ಸುಖವಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಕಡಿಮೆ ಇಳಿಸಿಕೊಂಡರು. ಮುಂದೆ, 2011ರಲ್ಲಿ ಸಹಸಂಶೋಧಕಿಯೊಬ್ಬರ ಜೊತೆ ಪ್ರಕಟಿಸಿದ ಪ್ರಯೋಗಗಳಲ್ಲಿ ಅವರು ರಕ್ತದೊತ್ತಡವನ್ನೂ ಅಳೆದರು. ದೇಹ ಪ್ರಯತ್ನಕ್ಕೆ ಸಜ್ಜಾದಾಗ ಸಾಮಾನ್ಯವಾಗಿ ಏರುವ ಈ ಒತ್ತಡ, ಬಯಸಿದ್ದೆಲ್ಲ ಕೈಗೂಡಿದಂತೆ ಹಗಲುಗನಸು ಕಾಣುತ್ತಿದ್ದವರಲ್ಲಿ ಕಡಿಮೆಯಾಗಿತ್ತು.