.32 ಸಾಕಾ, 9 ಎಂಎಂ ಬೇಕಾ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ತೋಟದ ಮನೆ. ಸುತ್ತಮುತ್ತ ಬೇರೆ ಮನೆ ಇಲ್ಲ. ಆಲೆಮನೆ ಇರುವುದರಿಂದ ಕೆಲವು ದಿನ ಬೆಲ್ಲದ ದುಡ್ಡು ಮನೆಯಲ್ಲೇ ಇರುತ್ತದೆ. ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್‌ಗೆ ಅರ್ಜಿ ಹಾಕೋಣ ಅಂತಿದ್ದೇನೆ. ಗೆಳೆಯರು ".32 ಯಾತಕ್ಕೂ ಸಾಲಲ್ಲ, 9 ಎಂಎಂ ತಗೋ" ಅಂತಾರೆ. ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ಗುಂಡು ಒಳ್ಳೆಯದು?

ಉತ್ತರ: ಮೈಸೂರು, ಮಂಡ್ಯ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ, 9 ಎಂಎಂ ನಿಮಗೆ ಸಿಗುವುದಿಲ್ಲ. ನಮ್ಮ ಕಾನೂನಿನಲ್ಲಿ ಅದು ನಿಷೇಧಿತ ಬೋರ್ (ನಳಿಗೆಯ ಅಳತೆ). ಪೊಲೀಸರು, ಸೈನಿಕರು ಬಳಸುವ ಗುಂಡು ಅದು. .45 ಕೂಡ ಹಾಗೇ. ಅದಕ್ಕೆ ಅನುಮತಿ ಕೊಡುವುದು ದಿಲ್ಲಿಯ ಗೃಹ ಸಚಿವಾಲಯ, ಅದೂ ಬಹಳ ಅಪರೂಪಕ್ಕೆ. ನಿಮ್ಮ ಅರ್ಜಿ ಹೋಗುವುದು ಮಂಡ್ಯದ ಜಿಲ್ಲಾಧಿಕಾರಿಗೆ. ಮೈಸೂರು ನಗರದವರದ್ದಾದರೆ ಪೊಲೀಸ್ ಕಮಿಷನರ್‌ಗೆ. ಇವರು ಕೊಡುವುದು ನಿಷೇಧವಿಲ್ಲದ ಬೋರ್‌ಗೆ ಮಾತ್ರ. ಯಾರಾದರೂ "ನಾನು 9 ಎಂಎಂ ಕೊಡಿಸ್ತೀನಿ" ಅಂದರೆ ಆ ಮಾತಿಗೆ ಕಿವಿ ಕೊಡಬೇಡಿ. 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧ ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ 7 ವರ್ಷ ಜೈಲು. ಪಕ್ಕದ ಕೊಡಗಿನ ಕೆಲವರಿಗೆ ಲೈಸೆನ್ಸ್‌ನಿಂದ ಇರುವ ವಿನಾಯಿತಿಯೂ ನಮಗೆ ಅನ್ವಯಿಸುವುದಿಲ್ಲ.

ಹಾಗಾದರೆ ಉಳಿಯುವುದು ಮುಖ್ಯವಾಗಿ .32 ಮತ್ತು .22. ಹಳೆಯ ಆಮದು ಬಂದೂಕುಗಳು ಅಲ್ಲೊಂದು ಇಲ್ಲೊಂದು ಕೈ ಬದಲಾಗುತ್ತವೆ, ಆದರೆ ಅವಕ್ಕೆ ಗುಂಡು ಹುಡುಕುವುದೇ ಕಷ್ಟ. .22 ಗುರಿ ಅಭ್ಯಾಸಕ್ಕೆ ಚೆನ್ನ. ರಕ್ಷಣೆಗೆ ನಾನು ಹೇಳುವುದಿಲ್ಲ. ಗುಂಡು ತೀರಾ ಹಗುರ, ಅಲ್ಲದೆ ಆ ಜಾತಿಯ ಕಾಡತೂಸು ಸಿಡಿಯದೆ ಕೈಕೊಡುವುದೂ ಜಾಸ್ತಿ.

.32 ಅನ್ನುವುದರಲ್ಲೂ ಎರಡು ಬಗೆ ಇದೆ. ರಿವಾಲ್ವರ್‌ಗೆ ಹಾಕುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಪಿಸ್ತೂಲಿಗೆ ಹಾಕುವುದು .32 ಎಸಿಪಿ, ಅಂದರೆ ಬ್ರೌನಿಂಗ್ ರೂಪಿಸಿದ 7.65 ಎಂಎಂ. ಎರಡೂ ನೂರು ವರ್ಷಕ್ಕಿಂತ ಹಳೆಯವು. ಒಂದಕ್ಕೆ ಇನ್ನೊಂದರ ಕಾಡತೂಸು ಹಾಕುವ ಹಾಗಿಲ್ಲ. ಅಂಗಡಿಯಲ್ಲಿ ಸುಮ್ನೆ "ಪಾಯಿಂಟ್ ಮೂವತ್ತೆರಡು ಕೊಡಿ" ಅನ್ನಬೇಡಿ, ಪೂರ್ತಿ ಹೆಸರು ಹೇಳಿ.

ಇನ್ನು ಗೆಳೆಯರ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ನಿಜ ಇದೆ. 9 ಎಂಎಂ ಗುಂಡು ಸುಮಾರು 480 ಜೌಲ್ ಶಕ್ತಿಯೊಂದಿಗೆ ಹೊರಡುತ್ತದೆ. .32 ಎಸಿಪಿಯದ್ದು 170ರ ಆಸುಪಾಸು, ರಿವಾಲ್ವರಿನ .32 ಅದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಈ ಸಂಖ್ಯೆ ನೋಡಿ ಮೂರು ಪಟ್ಟು ಪರಿಣಾಮ ಅಂದುಕೊಂಡರೆ ತಪ್ಪು. ಕೈಯಲ್ಲಿ ಹಿಡಿಯುವ ಬಂದೂಕಿನ ಗುಂಡಿಗೆ ರೈಫಲ್‌ನ ವೇಗ ಇರುವುದಿಲ್ಲ. ಅದು ಎದುರಿಗಿದ್ದವನನ್ನು ಹಾರಿಸಿ ಬೀಳಿಸುವುದೂ ಇಲ್ಲ. ತಾನು ಹಾದುಹೋದ ಜಾಗವನ್ನಷ್ಟೇ ಹರಿಯುತ್ತದೆ. ಎಲ್ಲಿಗೆ ಬಿತ್ತು, ಎಷ್ಟು ಆಳ ಹೋಯಿತು, ಇವೆರಡೇ ಮುಖ್ಯ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಈ ಆಳವನ್ನು ಮಾಂಸದ ಹಾಗಿರುವ ಜೆಲಟಿನ್ ಗಟ್ಟಿಯಲ್ಲಿ ಅಳೆಯುತ್ತದೆ. 30ರಿಂದ 45 ಸೆಂಟಿಮೀಟರ್ ಹೋಗಬೇಕು ಅನ್ನುವುದು ಅವರ ಲೆಕ್ಕ. .32ರ ಸಾಮಾನ್ಯ ದುಂಡು ತಲೆಯ ಗುಂಡು ಅಷ್ಟು ಆಳ ಹೋಗಬಲ್ಲದು. ತಲೆ ಅರಳುವ ಹಾಲೋ ಪಾಯಿಂಟ್ ಗುಂಡು ಇಷ್ಟು ಕಡಿಮೆ ಶಕ್ತಿಯಲ್ಲಿ ಅರಳಿಬಿಟ್ಟರೆ ಅರ್ಧದಲ್ಲೇ ನಿಲ್ಲುತ್ತದೆ. ಹಾಗಾಗಿ .32ಕ್ಕೆ ಹಳೆಯ ಸಾದಾ ಗುಂಡೇ ವಾಸಿ.

ಅದೇ ಎಫ್‌ಬಿಐ ಕಥೆಯನ್ನು ನಿಮ್ಮ ಗೆಳೆಯರಿಗೂ ಹೇಳಿ. 1986ರಲ್ಲಿ ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅವರ ಇಬ್ಬರು ಏಜೆಂಟರು ಸತ್ತರು. 9 ಎಂಎಂ ಸಾಲದು ಅಂತ ದೊಡ್ಡದಾದ 10 ಎಂಎಂಗೆ ಹೋದರು. ಗುಂಡು ಹಾರುವಾಗ ಅದು ಕೈಗೆ ಕೊಡುವ ಒದೆತ ಬಹಳ ಜನಕ್ಕೆ ತಡೆಯಲಾಗಲಿಲ್ಲ. 1990ರಲ್ಲಿ .40 ಬಂತು, ಸ್ವಲ್ಪ ಮೆತ್ತಗಿನದು. ಕೊನೆಗೆ ಕಳೆದ ದಶಕದಲ್ಲಿ ಮತ್ತೆ 9 ಎಂಎಂಗೇ ವಾಪಸ್ ಬಂದರು. ಗುಂಡುಗಳು ಸುಧಾರಿಸಿದ್ದವು ಅನ್ನುವುದು ಒಂದು ಕಾರಣ. ಒದೆತ ಕಡಿಮೆಯಾದರೆ ಏಜೆಂಟರು ಬೇಗ, ಸರಿಯಾಗಿ ಹೊಡೆಯುತ್ತಾರೆ ಅನ್ನುವುದು ಇನ್ನೊಂದು. ದಿನವೂ ಬಂದೂಕು ಸೊಂಟಕ್ಕೆ ಕಟ್ಟುವವರಿಗೇ ಹೀಗಾದರೆ, ವರ್ಷದಲ್ಲಿ ಬೆರಳೆಣಿಕೆಯಷ್ಟು ಸಲ ಗುಂಡು ಹಾರಿಸುವ ನಮಗೆ .32ರ ಕಡಿಮೆ ಒದೆತ ಒಂದು ಅನುಕೂಲವೇ ಅಲ್ವಾ?

ಪಿಸ್ತೂಲಾ, ರಿವಾಲ್ವರಾ? ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲಿನಲ್ಲಿ 8 ಗುಂಡು ಹಿಡಿಯುತ್ತವೆ, ರಿವಾಲ್ವರ್‌ನಲ್ಲಿ 6. ನನ್ನನ್ನು ಕೇಳಿದರೆ ನಿಮಗೆ ರಿವಾಲ್ವರ್. ಒಂದು ಕಾಡತೂಸು ಸಿಡಿಯದಿದ್ದರೆ ಟ್ರಿಗರ್ ಮತ್ತೆ ಎಳೆದರೆ ಸಾಕು, ಮುಂದಿನದು ತಾನಾಗಿ ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ ಎಳೆದು ಕೆಟ್ಟದ್ದನ್ನು ಹೊರಹಾಕಬೇಕು. ಕೈ ನಡುಗುವ ಹೊತ್ತಿನಲ್ಲಿ, ಕತ್ತಲಲ್ಲಿ, ಅಭ್ಯಾಸ ಇಲ್ಲದವರಿಗೆ ಅದು ಆಗದ ಕೆಲಸ. ರಿವಾಲ್ವರ್‌ನ ಟ್ರಿಗರ್ ಬಿಗಿ, ನಿಜ. ಗುರಿ ಸರಿಯಾಗಿ ಕೂರಬೇಕಾದರೆ ಡಮ್ಮಿ ಕಾಡತೂಸು ಹಾಕಿಕೊಂಡು ಬೆರಳು ಪಳಗಿಸಬೇಕು. ಕಾನ್ಪುರದಲ್ಲಿ 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್ ಅರ್ಧ ಕೆಜಿಯಷ್ಟೇ ತೂಗುತ್ತದೆ. ಜೊತೆಗೆ ಒಯ್ಯಲು ಅದು ಹಗುರ. ಮನೆಯಲ್ಲೇ ಇಡುವುದಾದರೆ ಸ್ವಲ್ಪ ತೂಕದ್ದೇ ಇರಲಿ, ಕೈಯಲ್ಲಿ ಅಲುಗಾಟ ಕಡಿಮೆ.

ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಅಂತಲೂ ಯೋಚಿಸಿ. ತೋಟದ ಮನೆಯ ಶೀಟು, ತೆಳು ಬಾಗಿಲು .32ನ್ನೂ ತಡೆಯುವುದಿಲ್ಲ. ಆಚೆ ಕಬ್ಬು ಕಡಿಯಲು ಬಂದವರ ಗುಡಿಸಲಿದ್ದರೆ ಅಲ್ಲಿ ಮಕ್ಕಳು ಮಲಗಿರುತ್ತಾರೆ.

ಕಾನೂನು ಕೂಡ ಇಷ್ಟೇ ಗಂಭೀರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಎಳನೀರು ಕದ್ದು ಓಡುವವನ ಬೆನ್ನಿಗೆ ಗುಂಡು ಹಾರಿಸಿದರೆ ಜೈಲಿಗೆ ಹೋಗುವವರು ನೀವು. ಮದುವೆ, ಜಾತ್ರೆಯಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿ ಜನರಿಗೆ ಅಪಾಯ ತಂದರೂ 2 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಚುನಾವಣೆ ಬಂದಾಗ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವುದು ನಿಮಗೂ ಗೊತ್ತು. ಆ ವಾರಗಳಲ್ಲಿ ಮನೆ ಕಾಯುವುದು ನಾಯಿ, ಅಂಗಳದ ಲೈಟು, ಗಟ್ಟಿ ಬಾಗಿಲು. ಅವುಗಳನ್ನು ಈಗಲೇ ಮಾಡಿಸಿ. ಬೆಲ್ಲದ ದುಡ್ಡನ್ನು ನೇರ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ನಿಮ್ಮ ಭಯದ ದೊಡ್ಡ ಪಾಲು ಬಂದೂಕಿಲ್ಲದೆಯೇ ಹೋಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಕುಡಿತ ಜಾಸ್ತಿ ಇರುವವರು, ಸಾಲದ ಚಿಂತೆಯಲ್ಲಿ ಮಾತು ಬಿಟ್ಟು ಕೂತವರು ಯಾರಾದರೂ ಇದ್ದರೆ ಈಗ ಬಂದೂಕು ತರಬೇಡಿ. ಅವರಿಗೆ ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಅಂಥವರು ಇಲ್ಲದಿದ್ದರೂ ಅದು ಸದಾ ಬೀಗದೊಳಗೆ ಇರಬೇಕು, ಬೀಗದ ಕೈ ನಿಮ್ಮೊಬ್ಬರ ಹತ್ತಿರ ಇರಬೇಕು.

ಇಷ್ಟಾದ ಮೇಲೂ ಬೇಕು ಅನ್ನಿಸಿದರೆ ಮೊದಲು ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಯಾವಾಗ ಇದೆ ಅಂತ ವಿಚಾರಿಸಿ, ಸೇರಿಕೊಳ್ಳಿ. ಆಮೇಲೆ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ, ಗುಂಡಿಲ್ಲದ ರಿವಾಲ್ವರ್, ಪಿಸ್ತೂಲ್ ಎರಡನ್ನೂ ಹಿಡಿದು ನೋಡಿ. ಅಶನಿಯ ಸ್ಲೈಡ್ ಎಳೆಯಿರಿ, ರಿವಾಲ್ವರ್‌ನ ಟ್ರಿಗರ್ ಎಷ್ಟು ಬಿಗಿ ಅಂತ ಕೇಳಿಕೊಂಡು ನೋಡಿ. ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು ಅಂತ ಆಮೇಲೆ ತೀರ್ಮಾನಿಸಿ.